ಏಳನೆಯ ಬಾಲು

ಅಂಗಿ ತೊಡಿಸುವಾಗ ಅಪ್ಪನ ಬಲಗೈಯನ್ನೇ ಮೊದಲು ತೋಳಿಗೆ ತೂರಿಸಬೇಕಿತ್ತು. ಎಡಗೈಯಿಂದ ಶುರುಮಾಡಿದರೆ ಬಲಗೈಯನ್ನು ಹಿಂದಕ್ಕೆ ತಿರುಗಿಸಬೇಕಾಗುತ್ತಿತ್ತು. ತಿರುಗಿಸಿದರೆ ಅವನ ಮುಖ ಬಿಳಿಚಿಕೊಳ್ಳುತ್ತಿತ್ತು, ಬಾಯಿಂದ ಮಾತ್ರ ಒಂದು ಸೊಲ್ಲು ಹೊರಡುತ್ತಿರಲಿಲ್ಲ. ದಿನಾ ಬೆಳಿಗ್ಗೆ ಬಾಗಿಲು ಮುಂದೆ ಮಾಡಿಕೊಂಡು, ತೋಳು ಏರಿಸಿ, ಐದು ಗುಂಡಿ ಹಾಕಿ, ಅವನನ್ನು ಕೆಲಸಕ್ಕೆ ಕಳಿಸುತ್ತಿದ್ದೆ. ಹೊಸ್ತಿಲು ದಾಟಿದೊಡನೆ ಅವನು ಬೌಲರ್ ಮಂಟಯ್ಯನಾಗುತ್ತಿದ್ದ. ಕೇರಿಯ ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬಂದು ಆ ಕೈಯನ್ನು ಮುಟ್ಟಿಸುತ್ತಿದ್ದರು. ಆ ಕೈ ಭುಜದ ಮಟ್ಟಕ್ಕಿಂತ ಮೇಲೇಳುವುದಿಲ್ಲವೆಂಬ ಸಂಗತಿ ನಮ್ಮಿಬ್ಬರನ್ನು ಮತ್ತು ನಾನು ದಾದಿಯಾಗಿದ್ದ ಆಸ್ಪತ್ರೆಯ ಡಾಕ್ಟರನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ನಮ್ಮೂರಿನಲ್ಲಿ ಎರಡು ಮೈದಾನಗಳಿದ್ದವು. ಒಂದು ಕ್ಲಬ್ಬಿನದು, ಸುತ್ತ ಬೇಲಿ, ಒಳಗೆ ಹಸಿರು ಹುಲ್ಲು, ಒಂದು ಬದಿಗೆ ಹೆಂಚಿನ ಪೆವಿಲಿಯನ್ನು. ಅದರ ಹುಲ್ಲು ಕತ್ತರಿಸಿ, ನೀರು ಹಾಕಿ, ಪಿಚ್ಚು ಹದಮಾಡುತ್ತಿದ್ದವನು ಅಪ್ಪ. ಬೆಳಿಗ್ಗೆ ಸಂಜೆ ಕ್ಲಬ್ಬಿನ ಸದಸ್ಯರಿಗೂ ಅವರ ಮಕ್ಕಳಿಗೂ ನೆಟ್ಸಿನಲ್ಲಿ ಬೌಲಿಂಗ್ ಮಾಡುತ್ತಿದ್ದವನೂ ಅವನೇ. ಇಪ್ಪತ್ತೆರಡು ವರ್ಷ ಹಾಗೆ ಮಾಡಿದ. ಆ ಭುಜ ಸವೆದದ್ದು ಅಲ್ಲಿಯೇ. ಈಚೆಗೆ ಮಾತ್ರ ವಯಸ್ಸಾಯಿತೆಂಬ ನೆಪ ಹೇಳಿ ನೆಟ್ಸಿಗೆ ಹೋಗುತ್ತಿರಲಿಲ್ಲ. ಆದರೆ ಪಂದ್ಯದ ದಿನ ಅವನು ಹಗ್ಗದ ಆಚೆ ನಿಲ್ಲಬೇಕಿತ್ತು. ಪೆವಿಲಿಯನ್ನಿಗೆ ಇದ್ದದ್ದು ಮೂರೇ ಮೆಟ್ಟಿಲು. ಅವುಗಳ ಕಸ ಗುಡಿಸುತ್ತಿದ್ದನೇ ಹೊರತು ಒಂದನ್ನೂ ಅವನು ಹತ್ತಿರಲಿಲ್ಲ. ನಮ್ಮ ಜಾತಿಯವರಿಗೆ ಅಲ್ಲಿ ಆಟವಿರಲಿಲ್ಲ.

ಇನ್ನೊಂದು ಮೈದಾನವೆಂದರೆ ನೀರಿಲ್ಲದ ಕೆರೆಯಂಗಳ. ಬೇಸಿಗೆಯಲ್ಲಿ ನಮ್ಮ ಕೇರಿಯ ತಂಡ ಅಲ್ಲಿ ಆಡುತ್ತಿತ್ತು. ಮಿಲ್ಲಿನವರು ಬರುತ್ತಿದ್ದರು, ರೈಲ್ವೆಯವರು ಬರುತ್ತಿದ್ದರು. ಒಮ್ಮೆ ಕ್ಲಬ್ಬನ್ನು ಹೀನಾಯವಾಗಿ ಸೋಲಿಸಿದ್ದ ಸೈನಿಕರ ತಂಡವೊಂದು ಹೊತ್ತು ಕಳೆಯಲೆಂದು ಅಲ್ಲಿಗೆ ಬಂದಿತಂತೆ. ಅಪ್ಪ ಹತ್ತಕ್ಕೆ ಹತ್ತೂ ವಿಕೆಟ್ ಕಿತ್ತನಂತೆ. ಸ್ಟಂಪು ಎರಡು ಮುರಿದವು ಎನ್ನುವವರಿದ್ದರು, ಏಳು ಮುರಿದವು ಎನ್ನುವವರೂ ಇದ್ದರು. "ಬಾಲು ಕಾಣ್ತಿರ್ಲಿಲ್ಲ ಕಣವ್ವ, ಬರೀ ಸದ್ದು ಕೇಳಾದು" ಎಂದು ಮುದುಕರು ನನಗೆ ಹೇಳುತ್ತಿದ್ದರು. ಬರೆದಿಡಲು ಅಲ್ಲಿ ಸ್ಕೋರು ಪುಸ್ತಕವಿರಲಿಲ್ಲ. ಹಾಗಾಗಿ ಆ ದಿನ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ ಬೆಳೆದಿತ್ತು. ಅಪ್ಪನನ್ನು ಕೇಳಿದರೆ, "ಯಾರಿಗ್ಗೊತ್ತು, ಬಿಸಿಲು ಜಾಸ್ತಿ ಇತ್ತು" ಎಂದು ಎದ್ದುಹೋಗುತ್ತಿದ್ದ.

ಕಾಲ ಬದಲಾಯಿತು. ಕ್ಲಬ್ಬು ತನ್ನ ನಿಯಮವನ್ನು ತಿದ್ದಿತು. ಒಂದು ಭಾನುವಾರ ಕ್ಲಬ್ಬಿನ ಕಾರ್ಯದರ್ಶಿ ಪದ್ಮನಾಭರಾಯರು ತಾವೇ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಕೇರಿಗೆ ಕೇರಿಯೇ ಅವರ ಹಿಂದೆ ನೆರೆದಿತ್ತು.

"ಮಂಟಯ್ಯ, ಹಿಂದೆ ಆದದ್ದು ಆಗಿಹೋಯಿತು. ಈ ಸಲದ ವಾರ್ಷಿಕ ಪಂದ್ಯದಲ್ಲಿ ನೀನು ನಮ್ಮ ಕಡೆಯಿಂದ ಆಡಬೇಕು. ಒಂದು ಓವರ್ ಹಾಕಿದರೂ ಸಾಕು" ಎಂದರು.

ಅಪ್ಪನಿಗೆ ಆಗ ನಲವತ್ತೊಂಬತ್ತು. ಅವನು ಇಲ್ಲವೆನ್ನುತ್ತಾನೆಂದು ನಾನು ಕಾದೆ.

"ಆಯ್ತು ಬುದ್ಧಿ, ಬತ್ತೀನಿ" ಎಂದ.

ರಾಯರು ಹೋದ ಮೇಲೆ ಬಾಗಿಲು ಹಾಕಿ ಅವನ ಮೇಲೆ ಹರಿಹಾಯ್ದೆ. "ತಲೆ ಬಾಚ್ಕೊಳ್ಳಾಕೆ ಆಗಾಕಿಲ್ಲ ನಿಂಗೆ, ಬೌಲಿಂಗ್ ಮಾಡ್ತೀಯಾ? ಡಾಕ್ಟ್ರು ಏನಂದ್ರು ಮರ್ತೋಯ್ತಾ?"

"ಮರ್ತಿಲ್ಲ."

"ಇನ್ನೊಂದ್ಸಲ ಜೋರಾಗಿ ಬೀಸಿದ್ರೆ ತುತ್ತು ಎತ್ತಾಕೂ ಕೈ ಬರಾಕಿಲ್ಲ ಅಂದ್ರು."

"ಎಡಗೈ ಅದೆಯಲ್ಲವ್ವ" ಎಂದು ನಕ್ಕ.

ಪಂದ್ಯಕ್ಕೆ ಒಂಬತ್ತು ದಿನವಿತ್ತು. ಆಸ್ಪತ್ರೆಯಲ್ಲಿ ರೋಗಿಯ ನಾಡಿ ಹಿಡಿದು ಎಣಿಕೆ ತಪ್ಪುತ್ತಿದ್ದೆ. ಕೈ ಕಳೆದುಕೊಳ್ಳುವನೆಂಬ ಹೆದರಿಕೆ ಒಂದು ಕಡೆಗಿರಲಿ. ಅದಕ್ಕಿಂತ ದೊಡ್ಡದೊಂದು ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಇಡೀ ಊರಿನೆದುರು ಅವನ ಬಾಲು ಕುಂಟುತ್ತಾ ಹೋಗಿ ಬೀಳುತ್ತದೆ. ಯಾರೋ ನಗುತ್ತಾರೆ. "ಇಷ್ಟೇ ಏನು ಮಂಟಯ್ಯ!" ಎನ್ನುತ್ತಾರೆ. ಅಲ್ಲಿಗೆ ಕೆರೆಯಂಗಳದ ಹತ್ತು ವಿಕೆಟ್ಟೂ ಕೇರಿಯವರ ಕಟ್ಟುಕತೆಯಾಗಿಬಿಡುತ್ತದೆ. ಹೆಂಗಸರು ಕೂಸುಗಳಿಗೆ ಮುಟ್ಟಿಸಲು ಇನ್ನು ನಮ್ಮಲ್ಲಿ ಏನೂ ಉಳಿಯುವುದಿಲ್ಲ.

ಕೇರಿಯಲ್ಲಿ ಮಾತ್ರ ಮದುವೆಯ ಸಡಗರ. ತಮಟೆ ಕಾಯಿಸಿ ಹದ ನೋಡುವವರೇನು, ಪಂದ್ಯದ ದಿನ ಮಿಲ್ಲಿಗೆ ರಜೆ ಹಾಕುವವರೇನು. ಕ್ಲಬ್ಬಿನಿಂದ ಹೊಸ ಬಿಳಿ ಅಂಗಿ ಬಂತು. ಅದನ್ನು ತೊಡಿಸಿ ನೋಡುವಾಗ ತೋಳು ಬಿಗಿಯಾಗಿ ಅಪ್ಪನ ಹಣೆಯಲ್ಲಿ ಬೆವರೊಡೆಯಿತು. ತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟೆ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಆ ದಿನಗಳಲ್ಲಿ ಬೆಳಿಗ್ಗೆ ನಾನೇಳುವ ಹೊತ್ತಿಗೆ ಅವನು ಎಲ್ಲಿಗೋ ಹೋಗಿಬರುತ್ತಿದ್ದ. ಪಾದಕ್ಕೆ ಕೆರೆಯಂಗಳದ ಬೂದುಮಣ್ಣು ಅಂಟಿರುತ್ತಿತ್ತು. ಕೇಳಲು ಧೈರ್ಯವಾಗಲಿಲ್ಲ.

ಇನ್ನು ಎರಡು ದಿನವಿದೆ ಎನ್ನುವಾಗ ನಾನು ಮಾಡಿದ ಕೆಲಸವನ್ನು ಇಷ್ಟು ವರ್ಷ ಹೊರಗಿನ ಯಾರಲ್ಲೂ ಹೇಳಿಲ್ಲ. ಆಸ್ಪತ್ರೆಯಿಂದ ನೇರವಾಗಿ ಕ್ಲಬ್ಬಿಗೆ ಹೋದೆ. ಪದ್ಮನಾಭರಾಯರು ಪೆವಿಲಿಯನ್ನಿನಲ್ಲಿ ಕುಳಿತು ಆಮಂತ್ರಣ ಪತ್ರಿಕೆಗಳ ಮೇಲೆ ವಿಳಾಸ ಬರೆಯುತ್ತಿದ್ದರು. "ಮೇಲೆ ಬಾಮ್ಮ, ಈಗ ಯಾರೂ ಏನೂ ಅನ್ನೋದಿಲ್ಲ" ಎಂದರು. ನನ್ನ ಕಾಲು ಏಳಲಿಲ್ಲ. ಮೆಟ್ಟಿಲ ಕೆಳಗೇ ನಿಂತು ಎಲ್ಲವನ್ನೂ ಹೇಳಿದೆ. ಭುಜದ ಸಂಗತಿ, ಡಾಕ್ಟರ ಮಾತು, ಅಂಗಿ ತೊಡಿಸುವ ಬಗೆ. "ಹೇಗಾದರೂ ಮಾಡಿ ಅವನನ್ನು ಬಿಟ್ಟುಬಿಡಿ ಸ್ವಾಮಿ" ಎಂದು ಕೈಮುಗಿದೆ.

ರಾಯರು ಕೆಟ್ಟವರಲ್ಲ. ಕನ್ನಡಕ ತೆಗೆದು ಪತ್ರಿಕೆಗಳ ಮೇಲಿಟ್ಟರು. "ಛೇ, ನಮ್ಮ ಹುಡುಗರಿಗೆಲ್ಲ ಬಾಲು ಹಾಕಿ ಹಾಕಿ ಹೀಗಾಯಿತಲ್ಲ" ಎಂದರು. ಆಮೇಲೆ, "ಅರ್ಧ ಪತ್ರಿಕೆ ಹಂಚಿಯಾಯಿತಮ್ಮ. ಈಗ ಕೈಬಿಟ್ಟರೆ, ಕ್ಲಬ್ಬು ಮತ್ತೆ ಹಳೇ ಬುದ್ಧಿ ತೋರಿಸಿತು ಅಂತಾರೆ. ಆದರೆ ಒಂದು ದಾರಿ ಇದೆ. ಎದುರು ತಂಡದಲ್ಲಿ ಆಡೋ ಜಯತೀರ್ಥ ನನ್ನ ತಂಗಿ ಮಗ. ನಿಮ್ಮಪ್ಪನ ಬೌಲಿಂಗಿನಲ್ಲೇ ಬ್ಯಾಟು ಹಿಡಿಯೋದು ಕಲಿತವನು. ಅವನಿಗೆ ಹೇಳ್ತೀನಿ. ಐದು ಬಾಲು ಮೆತ್ತಗೆ ತಡೀತಾನೆ, ಆರನೇದಕ್ಕೆ ಔಟಾಗ್ತಾನೆ. ಮಂಟಯ್ಯ ನಿಧಾನಕ್ಕೆ ಹಾಕಿದರೂ ಸಾಕು. ಗೌರವ ಉಳಿಯುತ್ತೆ. ಏನಂತೀ?"

ನಾನು ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬರುವಾಗ ಮಾತ್ರ ಏಳು ದಿನದಲ್ಲಿ ಮೊದಲ ಸಲ ಹಸಿವಾಯಿತು.

ಪಂದ್ಯದ ದಿನ ನಮ್ಮ ಕೇರಿಯವರನ್ನೂ ಬೇಲಿಯ ಒಳಗೆ ಬಿಟ್ಟರು. ಬಿಳಿ ಬಟ್ಟೆಯಲ್ಲಿ ಅಪ್ಪ ಹಗ್ಗ ದಾಟಿ ಒಳಗೆ ಕಾಲಿಟ್ಟಾಗ ತಮಟೆ ಗುಡುಗಿತು. ಅಂಪೈರಾಗಿ ನಿಂತಿದ್ದವರು ಇನಾಯತ್ ಸಾಹೇಬರು. ಕೆರೆಯಂಗಳದಲ್ಲಿ ಹದಿನೈದು ವರ್ಷ ಅಪ್ಪನ ಬಾಲಿಗೆ ವಿಕೆಟ್ ಕೀಪರಾಗಿದ್ದವರು. ಅವರ ಸೊಟ್ಟ ಬೆರಳುಗಳು ಅಪ್ಪನ ಕಾಣಿಕೆಯೇ. ಮಧ್ಯಾಹ್ನದ ಬಿಸಿಲಲ್ಲಿ ಜಯತೀರ್ಥ ಬ್ಯಾಟು ಹಿಡಿದು ನಿಂತಾಗ ನಾಯಕ ಅಪ್ಪನ ಕೈಗೆ ಬಾಲು ಕೊಟ್ಟ.

ಮೊದಲನೆಯ ಬಾಲನ್ನು ಅಪ್ಪ ಭುಜವೆತ್ತದೆ, ಸೊಂಟದ ಪಕ್ಕದಿಂದ ಬೀಸಿ ಬಿಟ್ಟ. ಬೆಳಿಗ್ಗೆ ಬೆಳಿಗ್ಗೆ ಕೆರೆಯಂಗಳಕ್ಕೆ ಹೋಗಿ ಕಲಿತದ್ದು ಇದೆಂದು ನನಗಾಗ ಹೊಳೆಯಿತು. ಅದು ತಿರುಗದೆ ಸುಮ್ಮನೆ ಹೋಗಿ ಬ್ಯಾಟಿನ ಬುಡಕ್ಕೆ ಬಿತ್ತು. ಯಾವ ಹುಡುಗನಾದರೂ ಬೇಲಿಯಾಚೆ ಕಳಿಸಬಹುದಾದ ಬಾಲು. ಜಯತೀರ್ಥ ಮೆತ್ತಗೆ ತಡೆದ. ಎರಡನೆಯದೂ ಹಾಗೆಯೇ. ಕೇರಿಯವರು ಶಿಳ್ಳೆ ಹಾಕಿದರು. ನಾನು ಸೆರಗಿನ ಚುಂಗನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದೆ.

ಅಪ್ಪ ಮೂರನೆಯದನ್ನು ಹಾಕಲಿಲ್ಲ. ನಿಂತ. ನಿಧಾನವಾಗಿ ನಡೆದು ಜಯತೀರ್ಥನ ಹತ್ತಿರ ಹೋದ. ಏನೋ ಅಂದ. ದೂರದಿಂದ ನನಗೆ ಕಂಡದ್ದು ಇಷ್ಟೇ: ಆ ಹುಡುಗನ ಮುಖ ಕೆಂಪಾಯಿತು, ಅವನು ತಲೆ ತಗ್ಗಿಸಿದ.

ಮೂರನೆಯ ಬಾಲು ಬೇಲಿಗೆ ಬಡಿಯಿತು. ನಾಲ್ಕನೆಯದು ತಮಟೆಯವರ ತಲೆಯ ಮೇಲೆ ಹಾರಿ ಆಚೆ ಬಿತ್ತು. ನಾನು ಹೆದರಿದ್ದ ನಗು ಕ್ಲಬ್ಬಿನವರು ಕೂತಿದ್ದ ಷಾಮಿಯಾನದ ಕೆಳಗಿಂದ ಬಂದೇ ಬಂತು. ತಮಟೆ ನಿಂತಿತು. ಐದನೆಯದು ಸ್ವಲ್ಪ ತಿರುಗಿ ಬ್ಯಾಟಿಗೆ ಸಿಗದೆ ಹೋಯಿತು. ಅಪ್ಪ ಬಾಲನ್ನು ಮರಳಿ ಪಡೆದು ಹಿಂದಕ್ಕೆ ನಡೆಯತೊಡಗಿದ. ಹತ್ತು ಹೆಜ್ಜೆಗೆ ನಿಲ್ಲಬೇಕಿದ್ದವನು ನಿಲ್ಲಲಿಲ್ಲ. ಇನ್ನೂ ಹತ್ತು ಹೆಜ್ಜೆ ನಡೆದ. ನಾನು ಎದ್ದು ನಿಂತೆ. "ಬ್ಯಾಡಪ್ಪಾ" ಎಂದು ಕೂಗಿದೆನಂತೆ, ನನಗದು ಗೊತ್ತಿಲ್ಲ.

ಅವನು ಓಡಿ ಬಂದ. ಹತ್ತಾರು ವರ್ಷ ಮುದುಕರು ಬಾಯಲ್ಲಿ ಹೇಳಿದ್ದ ಓಟ, ನಾನು ಎಂದೂ ಕಾಣದಿದ್ದ ಓಟ. ಬಲಗೈ ಆಕಾಶಕ್ಕೆ ಎದ್ದಿತು. ಮುದುಕರು ಸುಳ್ಳು ಹೇಳಿರಲಿಲ್ಲ. ಬಾಲು ಕಾಣಿಸಲಿಲ್ಲ. ನಡುವಿನ ಸ್ಟಂಪು ಕಿತ್ತು ಕೀಪರನ ಪಕ್ಕದಲ್ಲಿ ಬಿದ್ದಿತ್ತು. ಜಯತೀರ್ಥನ ಬ್ಯಾಟು ಇನ್ನೂ ಮೇಲೆಯೇ ಇತ್ತು.

ಆ ಗದ್ದಲದಲ್ಲಿ ಇನಾಯತ್ ಸಾಹೇಬರ ಕೂಗು ಮೊದಲು ಯಾರಿಗೂ ಕೇಳಲಿಲ್ಲ. ಅಡ್ಡ ಚಾಚಿದ ಅವರ ಕೈ ಕಂಡ ಮೇಲೆ ಒಬ್ಬೊಬ್ಬರೇ ಸುಮ್ಮನಾದರು. ನೋಬಾಲ್. ಕಾಲು ಗೆರೆ ದಾಟಿತ್ತು.

"ಮೋಸ! ಮೋಸ!" ಎಂದು ಕೇರಿಯವರು ಹಗ್ಗಕ್ಕೆ ನುಗ್ಗಿದರು. ಯಾರೋ ಕಲ್ಲೆತ್ತಿಕೊಂಡರು. ಪದ್ಮನಾಭರಾಯರು ಮೆಟ್ಟಿಲಿಳಿದು ಓಡಿಬಂದು, "ಸಾಹೇಬ್ರೇ, ಒಂದು ಸಲ ಯೋಚನೆ ಮಾಡಿ" ಎಂದು ಅಂಗಲಾಚಿದರು. ಇನಾಯತ್ ಸಾಹೇಬರ ಕಣ್ಣಲ್ಲಿ ನೀರಿತ್ತು, ಕೈ ಇಳಿಯಲಿಲ್ಲ. ಅಪ್ಪ ಜನರತ್ತ ತಿರುಗಿ ಎಡಗೈ ಎತ್ತಿದ. ಬಲಗೈ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು.

"ಸುಮ್ಕಿರ್ರಪ್ಪ. ಇನ್ನೊಂದು ಬಾಲು ಅದೆ" ಎಂದ.

ನೋಬಾಲಿಗೆ ಪ್ರತಿಯಾಗಿ ಇನ್ನೊಂದು ಹಾಕಲೇಬೇಕು. ಬಾಲನ್ನು ಹಿಡಿಯಲು ಅವನ ಬೆರಳಿಗೆ ಬಲವಿರಲಿಲ್ಲ. ಎಡಗೈಯಿಂದ ಬಲಗೈಯ ಮುಷ್ಟಿಗೆ ಅದನ್ನು ಒತ್ತಿಕೊಂಡ. ಎರಡು ಹೆಜ್ಜೆ ನಡೆದು, ಮೈಯನ್ನೇ ತಿರುಗಿಸಿ ತೂಗಿಬಿಟ್ಟ. ಏಳನೆಯ ಬಾಲು ಎರಡು ಸಲ ನೆಲಕ್ಕೆ ಬಡಿಯುತ್ತಾ ಹೋಯಿತು. ಜಯತೀರ್ಥ ಅಪ್ಪನ ಮುಖವನ್ನೊಮ್ಮೆ ನೋಡಿದ. ಆಮೇಲೆ ಬ್ಯಾಟೆತ್ತಿ, ಇದ್ದ ಬಲವೆಲ್ಲ ಹಾಕಿ, ಬೇಲಿಗೆ ಹೊಡೆದ.

ಸ್ಕೋರು ಪುಸ್ತಕದಲ್ಲಿ ಅಪ್ಪನ ಹೆಸರು ಬಂದದ್ದು ಅದೊಂದೇ ಸಲ. ಒಂದು ಓವರ್, ವಿಕೆಟ್ ಇಲ್ಲ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿ ಮನೆಗೆ ನಡೆದುಬರುವಾಗ ಅಪ್ಪ ಕೇಳಿದ. "ರಾಯರ ತಾವ್ಕೆ ಹೋಗಿದ್ಯಾ?"

"ಹೂಂ."

"ಕೈ ವಿಸ್ಯ ಹೇಳ್ದ್ಯಾ?"

"ನಿಂಗೆ ಅವಮಾನ ಆಗ್ಬಾರ್ದು ಅಂತ..."

"ಹೊಡಿಸ್ಕೊಳ್ಳೋದು ಅವಮಾನ ಅಲ್ಲ ಕಣವ್ವ. ಅದು ಆಟ. ಭಿಕ್ಸದ ವಿಕೆಟ್ಟು ತಂದು ನಾ ಎಲ್ಲಿ ಮಡೀಕೊಳ್ಳಾನ?"

ಸ್ವಲ್ಪ ದೂರ ನಡೆದ ಮೇಲೆ ಕೇಳಿದೆ. "ಆ ಹುಡುಗಂಗೆ ಏನಂದೆ?"

"ಏನಪ್ಪ, ನನ್ನ ಬಾಲು ಮುಟ್ಟಿದ್ರೆ ಮೈಲಿಗೆಯಾ ಅಂದೆ. ಹೊಡಿ ಅಂದೆ." ಅಷ್ಟು ಹೇಳಿ ಅಪ್ಪ ಮತ್ತೆ ನಕ್ಕ. "ಕೊನೇದ್ನ ಚೆನ್ನಾಗಿ ಹೊಡ್ದ. ನಾ ಕಲಿಸ್ದೋನಲ್ವಾ."

ಅವನ ಬಲಗೈ ಮತ್ತೆ ಏಳಲಿಲ್ಲ. ಅಂದಿನಿಂದ ಹದಿನೇಳು ವರ್ಷ, ಅವನು ತೀರಿಕೊಳ್ಳುವವರೆಗೆ, ತೋಳಿಲ್ಲದ ಅಂಗಿ ಹೊಲಿದುಕೊಟ್ಟೆ. ಈಗ ಕ್ಲಬ್ಬಿನ ಗೋಡೆಯ ಮೇಲೆ ಅವನ ಚಿತ್ರವಿದೆ. ನಮ್ಮ ಕೇರಿಯಲ್ಲಿ ಅವನನ್ನು ನೋಡದ ಮಕ್ಕಳೂ ಅವನ ಕತೆ ಹೇಳುತ್ತಾರೆ; ಪ್ರತಿ ಸಲವೂ ಅದರಲ್ಲಿ ಅಂಪೈರು ಮೋಸ ಮಾಡುತ್ತಾನೆ. ಅದನ್ನು ಕೇಳಿದಾಗಲೆಲ್ಲ ನನಗೆ ಇನಾಯತ್ ಸಾಹೇಬರ ನೆನಪಾಗಿ ಸಂಕಟವಾಗುತ್ತದೆ. ಅವರ ಮಗಳ ಮದುವೆಗೆ ನಮ್ಮ ಕೇರಿಯಿಂದ ಅಪ್ಪನೊಬ್ಬನೇ ಹೋಗಿದ್ದ. ನಾನೂ ಪಂದ್ಯದ ರಾತ್ರಿಯೆಲ್ಲ ಅವರನ್ನು ಶಪಿಸಿದ್ದವಳೇ. ಪಂದ್ಯದ ಮರುದಿನ ಬೆಳಿಗ್ಗೆ ನಾನು ಕಂಡದ್ದನ್ನು ಉಳಿದವರೂ ಕಂಡಿದ್ದರೆ ಚೆನ್ನಾಗಿತ್ತು.

ಆ ಬೆಳಿಗ್ಗೆ ಎದ್ದಾಗ ಅಪ್ಪ ಮನೆಯಲ್ಲಿರಲಿಲ್ಲ. ಗಾಬರಿಯಾಗಿ ಹುಡುಕಿಕೊಂಡು ಹೊರಟೆ. ಅವನು ಕ್ಲಬ್ಬಿನ ಮೈದಾನದಲ್ಲಿದ್ದ. ನೀರಿನ ಡಬ್ಬ, ಒಂದು ಬೊಗಸೆ ಕೆಮ್ಮಣ್ಣು ಪಕ್ಕದಲ್ಲಿಟ್ಟುಕೊಂಡು ಪಿಚ್ಚಿನ ಅಂಚಿಗೆ ಕುಕ್ಕರುಗಾಲಲ್ಲಿ ಕುಳಿತಿದ್ದ. ಹತ್ತಿರ ಹೋಗಿ ಬಗ್ಗಿ ನೋಡಿದೆ. ಸುಣ್ಣದ ಗೆರೆಯಾಚೆ ಒಂದು ಹೆಜ್ಜೆ ಗುರುತು ನೆಲದಲ್ಲಿ ಆಳವಾಗಿ ಕೂತಿತ್ತು. ಹಿಮ್ಮಡಿಯೂ ಗೆರೆಯ ಮೇಲಿರಲಿಲ್ಲ.

ಅಪ್ಪ ಎಡಗೈಯ ಬೆರಳುಗಳನ್ನು ಗೆರೆಗೂ ಹಿಮ್ಮಡಿಗೂ ನಡುವೆ ಜೋಡಿಸಿಟ್ಟು ಅಳೆದ.

"ಮೂರು ಬೆರಳು" ಎಂದ. ಅವನ ಮುಖದಲ್ಲಿದ್ದದ್ದು ದುಃಖವಾಗಿರಲಿಲ್ಲ.

ಆಮೇಲೆ ಆ ಗುರುತಿಗೆ ನೀರು ಚಿಮುಕಿಸಿ, ಮಣ್ಣು ತುಂಬಿ, ಅಂಗೈಯಿಂದ ಮೆಲ್ಲಗೆ ತಟ್ಟಿ ತಟ್ಟಿ, ಸುತ್ತಲ ನೆಲದೊಂದಿಗೆ ಸಮ ಮಾಡತೊಡಗಿದ.