ಅಳಿಯ ಬಂದಾಗ ಮಾತ್ರ ಓಡುವ ಸೋಲಾರ್

ಟೈಲರಮ್ಮನ ಮನೆಯ ತಾರಸಿಯ ಮೇಲೆ ಸೋಲಾರ್ ಫಲಕಗಳಿದ್ದವು. ಇದ್ದವು ಎಂಬುದೊಂದೇ ಅವುಗಳ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು. ಬಿಸಿಲು ಬೀಳುವ ಜಾಗ ತಾರಸಿಯಲ್ಲಿ ಬೇಕಾದಷ್ಟಿತ್ತು, ಆದರೆ ಫಲಕ ಕೂರಿಸಿದ ಮಹಾನುಭಾವ ಹುಡುಕಿ ಹುಡುಕಿ ನೀರಿನ ಟ್ಯಾಂಕಿನ ಮಗ್ಗುಲಿಗೇ ಕೂರಿಸಿದ್ದ. ಬೆಳಿಗ್ಗೆ ಟ್ಯಾಂಕಿನ ನೆರಳು. ಅದು ಸರಿಯುವಷ್ಟರಲ್ಲಿ ಪಕ್ಕದ ಮನೆಯ ಗೋಡೆಯ ನೆರಳು. ಊರೆಲ್ಲ ಬೆವರಿ ಬೇಯುತ್ತಿದ್ದರೆ ಅವು ಮಾತ್ರ ತಣ್ಣಗೆ ಮಲಗಿರುತ್ತಿದ್ದವು. ಅವುಗಳನ್ನು ಬಿಗಿಯಲು ತಾರಸಿಗೆ ಕೊರೆದ ತೂತೊಂದು ಸರಿಯಾಗಿ ಟೈಲರಮ್ಮನ ಮಂಚದ ಮೇಲೆ ಬಂದಿತ್ತು. ಕರೆಂಟು ಇಳಿಯಬೇಕಾದ ದಾರಿಯಲ್ಲಿ ಮಳೆ ನೀರು ಇಳಿಯುತ್ತಿತ್ತು.

ಇಷ್ಟಾದರೂ ಟೈಲರಮ್ಮ ತುಟಿ ಪಿಟಕ್ಕೆಂದಿರಲಿಲ್ಲ. ಲಂಗದ ಅಂಚು ಒಂದು ಬೆರಳು ಮೇಲಾಯಿತು ಎಂದ ಗಿರಾಕಿಗೆ, ಮೇಲಾದದ್ದು ಲಂಗವಲ್ಲ, ಅವಳ ನಿಲುವೇ ಸರಿಯಿಲ್ಲ ಎಂದು ಸಾಧಿಸಿ ಕಳಿಸುವ ಹೆಂಗಸು! ಅಂಥ ಬಾಯಿಗೆ ಬೀಗ ಬಿದ್ದದ್ದು ಒಂದೇ ಕಾರಣಕ್ಕೆ. ಸೋಲಾರ್ ಹಾಕಿದವನು ಅಳಿಯ.

ಅಳಿಯ ಹಾಸಿಗೆ ಅಂಗಡಿಯಲ್ಲಿ ಮಾರಾಟ ಮಾಡಿಕೊಂಡು ನೆಮ್ಮದಿಯಾಗಿದ್ದವನು. ಅದೇನು ಗ್ರಹಚಾರವೋ, ಇದ್ದಕ್ಕಿದ್ದಂತೆ ಅವನ ಕಣ್ಣು ಸೂರ್ಯನ ಮೇಲೆ ಬಿತ್ತು. ಎಲ್ಲೋ ಚೂರುಪಾರು ತರಬೇತಿ ಪಡೆದು, ಎದೆಯ ಮೇಲೆ ಸೂರ್ಯನ ಚಿತ್ರವಿರುವ ಅಂಗಿಯನ್ನು ಅತ್ತೆಯಿಂದಲೇ ಹೊಲಿಸಿಕೊಂಡು, "ಮೊದಲನೇ ಕೆಲಸ ನಿಮ್ಮನೇದೇ ಅತ್ತೆ" ಎಂದು ಏಣಿ ಸಮೇತ ಬಂದಿಳಿದ. ಒಳ್ಳೆಯ ಹುಡುಗ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೋಪ ಮೂಗಿನ ತುದಿಯಲ್ಲಿ. ಹಿಂದೊಮ್ಮೆ ಅವನು ತಂದ ದ್ರಾಕ್ಷಿ ಹುಳಿ ಎಂದು ಟೈಲರಮ್ಮ ಬಾಯಿ ತಪ್ಪಿ ಅಂದುಬಿಟ್ಟಿದ್ದರು. ಬಳ್ಳಿಯಲ್ಲಿ ಕೂತು ಅವನೇ ಹುಳಿ ತುಂಬಿದ್ದನೋ ಏನೋ, ಮುಖ ಊದಿಸಿಕೊಂಡು ಹೋದವನು ಇಡೀ ಬೇಸಿಗೆ ಈ ಕಡೆ ತಲೆ ಹಾಕಲಿಲ್ಲ. ಮಗಳನ್ನೂ ಕಳಿಸಲಿಲ್ಲ. ಇದ್ದೊಬ್ಬಳು ಮಗಳು. ಆ ಬೇಸಿಗೆಯಲ್ಲಿ ಟೈಲರಮ್ಮ ಮೆಷಿನ್ ಮುಂದೆ ಕೂತು ಎಷ್ಟು ಅತ್ತರೆಂಬುದು ಅವರಿಗೂ ಹೊಲಿಗೆಗೆ ಬಂದ ಬಟ್ಟೆಗಳಿಗೂ ಮಾತ್ರ ಗೊತ್ತು. ದ್ರಾಕ್ಷಿಗೇ ಇಷ್ಟಾದರೆ ಸೋಲಾರಿಗೆ ಎಷ್ಟಾದೀತು?

ಹಾಗಾಗಿ ಮನೆಯಲ್ಲಿ ನಾಟಕ ಶುರುವಾಯಿತು. ಗೋಡೆಯಲ್ಲಿ ಒಂದು ತಿರುಗಿಸುವ ಸ್ವಿಚ್ಚಿತ್ತು. ಎಡಕ್ಕೆ ತಿರುಗಿಸಿದರೆ ಸೋಲಾರ್, ಬಲಕ್ಕೆ ತಿರುಗಿಸಿದರೆ ಬೀದಿ ಕಂಬದಿಂದ ಬರುವ ಮಾಮೂಲಿ ಕರೆಂಟು. ಅದು ಸದಾ ಬಲಕ್ಕೇ ಇರುತ್ತಿತ್ತು. ಎಡಕ್ಕೆ ತಿರುಗಿಸಿದರೆ ಹೊಲಿಗೆ ಮೆಷಿನ್ನು ಒಂದು ತೋಳು ಮುಗಿಸುವುದರೊಳಗೆ ಉಸಿರು ಬಿಡುತ್ತಿತ್ತು. ಅಳಿಯನ ಸ್ಕೂಟರ್ ಸದ್ದು ಬೀದಿ ತುದಿಯಲ್ಲಿ ಕೇಳಿದ್ದೇ ತಡ, ಟೈಲರಮ್ಮ ಅರ್ಧ ಹೊಲಿದ ರವಿಕೆಯೊಂದನ್ನು ಸ್ವಿಚ್ಚಿನ ಮೇಲೆ ನೇತು ಹಾಕುವರು, ಸೋರುವ ನೀರಿಗೆಂದು ಮಂಚದ ಮೇಲಿಟ್ಟ ಬಕೀಟನ್ನು ಮಂಚದ ಕೆಳಗೆ ನೂಕುವರು, ಮನೆಯ ದೀಪ, ಫ್ಯಾನು ಎಲ್ಲ ಹಚ್ಚುವರು. ಅವನಿದ್ದಷ್ಟು ಹೊತ್ತು ಕರೆಂಟು ಹೋಗದಿರಲಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿಯುವರು. ಅವನು ತಾರಸಿಯ ಕಡೆ ಕಾಲಿಟ್ಟರೆ, "ಅಯ್ಯೋ, ಬಿಸಿಲಲ್ಲಿ ಯಾಕೆ ಹತ್ತುತ್ತೀರಿ, ಕೂತ್ಕೊಳ್ಳಿ" ಎಂದು ಕುರ್ಚಿ ಎಳೆಯುವರು.

"ಅಲ್ಲಿ ಬಿಸಿಲೆಲ್ಲಿದೆ? ಪಾಪ, ಫಲಕ ಕಪ್ಪಾಗ್ಬಾರ್ದು ಅಂತ ನೆರಳಲ್ಲಿ ಇಟ್ಟಿದಾರೆ ಕಣೇ" ಎಂದು ಅವರ ಗಂಡ, ನಿವೃತ್ತ ಲಾರಿ ಡ್ರೈವರು, ಪೇಪರಿನ ಹಿಂದಿನಿಂದ ಗೊಣಗುವರು.

"ನೀವು ಸುಮ್ನಿರ್ತೀರಾ?"

ಒಂದು ಭಾನುವಾರ ಅಳಿಯ ಮಗಳನ್ನಷ್ಟೇ ಅಲ್ಲ, ಒಬ್ಬ ಬಡಗಿಯನ್ನೂ ಕರೆತಂದ. ಹೊರಗಿನ ಮೊದಲ ಗಿರಾಕಿ! ಇಷ್ಟು ದಿನ ನೆಂಟರ ತಾರಸಿಗಳನ್ನೇ ಉದ್ಧಾರ ಮಾಡುತ್ತಿದ್ದವನು ಈಗ ಲೋಕೋದ್ಧಾರಕ್ಕೆ ಹೊರಟಿದ್ದ. "ನಮ್ಮ ಮಾದರಿ ಮನೆ ಇದು. ನೋಡಿ, ಹೇಗೆ ಓಡ್ತಾ ಇದೆ" ಎಂದು ತಿರುಗುತ್ತಿದ್ದ ಫ್ಯಾನಿನತ್ತ ಕೈ ಮಾಡಿದ. ಫ್ಯಾನು ಕಂಬದ ಕರೆಂಟು ಕುಡಿದು ಜೋರಾಗಿಯೇ ಓಡುತ್ತಿತ್ತು.

ಕೊಟ್ಟ ಟೀ ಕುಡಿಯದೆ ಬಡಗಿ ಲೋಟವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. "ಅಮ್ಮಾ, ನನ್ನ ಹೆಂಡ್ತಿ ಉಸಿರಾಟದ ಮೆಷಿನ್ ಮೇಲಿದಾಳೆ. ಕರೆಂಟ್ ಹೋದ್ರೆ ನನ್ನ ಎದೆ ಧಸಕ್ ಅನ್ನುತ್ತೆ. ಬಾಡಿಗೆಗೆ ಬೇರೆ ಬ್ಯಾಟರಿ ಇಟ್ಕೊಂಡಿದೀನಿ, ಇದು ಬಂದ್ರೆ ಅದನ್ನ ವಾಪಸ್ ಕೊಟ್ಬಿಡ್ಬಹುದು ಅಂತಿದಾರೆ ನಿಮ್ಮ ಅಳಿಯ. ನೀವು ಹೂಂ ಅಂದ್ರೆ ಸಾಕು, ನಾಳೆನೇ ಹಾಕಿಸ್ತೀನಿ."

ಟೈಲರಮ್ಮನ ಬಾಯಿಂದ "ಹೂಂ" ಹೊರಡಲು ಸಿದ್ಧವಾಗಿಯೇ ಇತ್ತು. ಎಷ್ಟು ದಿನದ ಅಭ್ಯಾಸ! ಆದರೆ ಹೊರಡಲಿಲ್ಲ. ಮಗಳ ಮುಖ ನೋಡಿದರು. ಮಗಳು ನೆಲ ನೋಡುತ್ತಿದ್ದಳು. ಮತ್ತೆ ಆ ಬೇಸಿಗೆ ನೆನಪಾಯಿತು. ಇವಳನ್ನು ಇನ್ನು ಯಾವಾಗ ನೋಡುತ್ತೇನೋ ಎಂದುಕೊಂಡರು. ಆಮೇಲೆ ಎದ್ದು ಹೋಗಿ ಸ್ವಿಚ್ಚಿನ ಮೇಲಿನ ರವಿಕೆ ತೆಗೆದು, ಸ್ವಿಚ್ಚನ್ನು ಎಡಕ್ಕೆ ತಿರುಗಿಸಿದರು.

"ಇದು ಯಾಕೆ ಬಲಕ್ಕಿತ್ತು?" ಎಂದ ಅಳಿಯ.

"ಸ್ವಲ್ಪ ತಡೀರಿ" ಎಂದರು ಟೈಲರಮ್ಮ.

ಫ್ಯಾನು ಓಡುತ್ತಲೇ ಇತ್ತು. ಅಳಿಯ ಬಡಗಿಯತ್ತ ನೋಡಿ ಮುಗುಳ್ನಕ್ಕ. ನಗು ಪೂರ್ತಿ ಅರಳುವ ಮೊದಲೇ ಮೂಲೆಯಲ್ಲಿದ್ದ ಸೋಲಾರ್ ಬ್ಯಾಟರಿಯ ಪೆಟ್ಟಿಗೆ ಕಿರ್ ಎಂದು ಕಿರುಚಿತು. ಅದರ ದೀಪ ಕೆಂಪಗಾಯಿತು, ಆರಿತು. ಫ್ಯಾನು ಸುಸ್ತಾಗಿ ನಿಂತಿತು. ಟೈಲರಮ್ಮ ಅಷ್ಟಕ್ಕೇ ಬಿಡಲಿಲ್ಲ. ಮಂಚದ ಕೆಳಗಿನ ಬಕೀಟನ್ನು ಎಳೆದು ತಂದು ಅಳಿಯನ ಕಾಲ ಬಳಿ ಇಟ್ಟು, "ಇದು ನಿಮ್ಮ ಸೋಲಾರ್ ಕೊಟ್ಟಿದ್ದು. ಇಷ್ಟೇ ಕೊಟ್ಟಿದ್ದು" ಎಂದರು.

ಬಡಗಿ ಲೋಟ ಕೆಳಗಿಟ್ಟ. "ನಿಮಗೆ ಪುಣ್ಯ ಬರ್ಲಿ ತಾಯಿ" ಎಂದವನೇ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಅಳಿಯನ ಮುಖ ಕೆಂಪೇರಿತ್ತು. "ಹೊರಗಿನವರ ಎದುರಿಗೆ ನನ್ನ ಮರ್ಯಾದೆ ತೆಗೆದ್ರಲ್ಲ! ಮೊದಲೇ ಹೇಳೋಕೆ ಏನಾಗಿತ್ತು?"

"ದ್ರಾಕ್ಷಿ ಹುಳಿ ಅಂದಿದ್ದಕ್ಕೇ ಮಗಳ ಮುಖ ನೋಡೋಕೆ ಬಿಡ್ಲಿಲ್ಲ ನೀವು. ಇದನ್ನ ಹೇಳಿ ಏನಾಗ್ಬೇಕಿತ್ತು? ನನಗೆ ಹೆದರಿಕೆ ಆಗಿತ್ತು ಅಳಿಯಂದ್ರೇ" ಎಂದರು ಟೈಲರಮ್ಮ.

ಅಳಿಯ ಸ್ಕೂಟರಿನ ಕೀಲಿ ಕೈಗೆತ್ತಿಕೊಂಡ. "ನಡಿ" ಎಂದ ಹೆಂಡತಿಗೆ.

ಮಗಳು ಅಲ್ಲಾಡಲಿಲ್ಲ. "ರೀ, ಕೂತ್ಕೊಳ್ಳಿ. ನಮ್ಮನೇಲೂ ಹೀಗೇ."

"ಏನು ಹೀಗೇ?"

"ಸ್ವಿಚ್ ಯಾವಾಗ್ಲೂ ಬಲಕ್ಕೇ ಇರುತ್ತೆ. ನೀವು ಬರೋ ಹೊತ್ತಿಗೆ ನಾನು ಅದರ ಮೇಲೆ ಟವೆಲ್ ಹಾಕ್ತೀನಿ."

ಟೈಲರಮ್ಮ ಮಗಳನ್ನು ಬಾಯಿ ತೆರೆದುಕೊಂಡು ನೋಡಿದರು. ಹೇಳಿಕೊಟ್ಟವರಿಲ್ಲ, ಕಲಿಸಿದವರಿಲ್ಲ! ಅವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡ್ರೈವರು ಮಾತ್ರ ಪೇಪರಿನ ಹಿಂದೆ ಕುಲುಕುಲು ಅಲ್ಲಾಡುತ್ತಿದ್ದರು.

ಅಳಿಯ ಕುರ್ಚಿಯಲ್ಲಿ ಕುಸಿದ. ಸಿಟ್ಟೆಲ್ಲ ಎಲ್ಲಿ ಹೋಯಿತೋ, ಎದೆಯ ಮೇಲಿನ ಸೂರ್ಯ ಕೂಡ ಮಡಿಕೆ ಬಿದ್ದು ಸಪ್ಪಗಾದ. ಅವನಿಗೆ ಏನೋ ಹೊಳೆದಿತ್ತು. "ಚಿಕ್ಕಪ್ಪನ ಮನೇಲಿ ಸ್ವಿಚ್ ಮೇಲೆ ಟೋಪಿ ಇರುತ್ತೆ" ಎಂದ ಮೆಲ್ಲಗೆ. "ಅತ್ತಿಗೆ ಮನೇಲಿ ಚೀಲ." ಸ್ವಲ್ಪ ತಡೆದು, "ಅಮ್ಮ ಕ್ಯಾಲೆಂಡರ್ ಹಾಕಿದಾಳೆ" ಎಂದ. "ಆದ್ರೆ ಅಮ್ಮ ಹಾಗೆ ಮಾಡಲ್ಲ. ನಾನು ಹೋದಾಗೆಲ್ಲ ಬಂಗಾರದಂಥ ಸೋಲಾರ್ ಅಂತಾಳೆ."

ಅವನು ಫೋನ್ ತೆಗೆದು ತಾಯಿಗೆ ಮಾಡಿದ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ.

"ಅಮ್ಮಾ, ಸೋಲಾರ್ ಹೇಗಿದೆ?"

"ಬಂಗಾರ ಕಣೋ! ಇಡೀ ಮನೆ ಅದರಲ್ಲೇ ನಡೀತಿದೆ."

"ಒಂದ್ ಕೆಲಸ ಮಾಡು. ಆ ಕ್ಯಾಲೆಂಡರ್ ಎತ್ತಿ, ಸ್ವಿಚ್ ಯಾವ ಕಡೆಗಿದೆ ಅಂತ ನೋಡಿ ಹೇಳು."

ಆ ಕಡೆ ಕ್ಯಾಲೆಂಡರಿನ ಹಾಳೆ ಪರಪರ ಎಂದದ್ದು ಕೇಳಿಸಿತು. ಆಮೇಲೆ ತಾಯಿ ತುಂಬ ಅಕ್ಕರೆಯಿಂದ ಕೇಳಿದರು:

"ಊಟ ಆಯ್ತಾ ಮಗಾ?"