ಬದ್ರೋದ್ದೀನ ಚಾಚಾನ ಜಾಲಿಗಳು

ಬದ್ರೋದ್ದೀನ ಚಾಚಾ ನಾಲಿಗೆ ಒಪ್ಪದ ಯಾವುದನ್ನೂ ನಂಬುವವರಲ್ಲ. ನಲವತ್ತು ವರ್ಷ ಬಿದರಿ ಕೆಲಸ ಮಾಡಿದವರು. ಬೆಳ್ಳಿಯ ಕುಸುರಿಯ ಹಿಂದಿನ ಲೋಹವನ್ನು ಕಪ್ಪಾಗಿಸುವ ಕೋಟೆಯ ಮಣ್ಣನ್ನು ಚಿಟಿಕೆಯಷ್ಟು ಬಾಯಿಗಿಟ್ಟುಕೊಂಡೇ ಆರಿಸಿದವರು. ಕೈ ನಡುಗತೊಡಗಿ ಉಳಿ ಕೆಳಗಿಟ್ಟ ಮೇಲೆ ಆ ನಾಲಿಗೆಗೆ ಒದಗಿದ್ದು ನಡುಮನೆಯ ಗಾಜಿನ ತೊಟ್ಟಿಯ ಉಪ್ಪುನೀರು. ಅಳತೆಯ ಸಾಧನ ಏನೇ ಹೇಳಲಿ, ಬೆರಳದ್ದಿ ಚೀಪಿ, ಒಂದು ಕಣ್ಣು ಮುಚ್ಚಿ, "ಬರಾಬರ್ ಅದ" ಎಂದ ಮೇಲೆಯೇ ದಿನ ಆರಂಭ. ಮಹಡಿಯ ಮನೆಗೆ ಬಾಡಿಗೆಗೆ ಬಂದ ಮೊದಲ ವಾರ ಇದನ್ನು ಕಂಡ ಪ್ರಣಾಲಿ ಬೆಚ್ಚಿಬಿದ್ದು, ಮೂರು ವರ್ಷದ ಮಗಳು ವಿಶಾಖಾಳ ಕಣ್ಣಿಗೆ ಅಂಗೈ ಅಡ್ಡ ಹಿಡಿದಿದ್ದಳು. ಕೂಸು ನೋಡಿ ಕಲಿತುಬಿಟ್ಟರೆ?

ಕಡಲನ್ನು ಒಮ್ಮೆಯೂ ಕಾಣದ ಈ ಮನುಷ್ಯ ಒಂಬತ್ತು ವರ್ಷದ ಹಿಂದೆ ಹೈದರಾಬಾದಿನಿಂದ ಬಸ್ಸಿನಲ್ಲಿ, ತೊಡೆಯ ಮೇಲಿನ ಡಬ್ಬಿಯಲ್ಲಿ, ಅಂಗಿಯ ಗುಂಡಿಯಷ್ಟಿದ್ದ ಹವಳವೊಂದನ್ನು ತಂದಿದ್ದರು. ಆಭರಣದ ಕಲ್ಲುಹವಳವಲ್ಲ, ಮೃದು ಮೈಯ, ಅಣಬೆಯಾಕಾರದ ಪ್ರಾಣಿ. ಈಗ ಅದು ರೊಟ್ಟಿಯಷ್ಟಗಲವಾಗಿ, ನೆತ್ತಿಯ ಮೇಲೆ ನೂರಾರು ಎಳೆಬೆರಳುಗಳನ್ನು ಬಿಚ್ಚಿ ನೀರಿನಲ್ಲಿ ತೂಗುತ್ತಿತ್ತು. ಚಾಚಾ ಅದನ್ನು ಬಡೇಮಿಯಾ ಎಂದು ಕರೆಯುತ್ತಿದ್ದರು. ಮಂಡಿ ಹಿಡಿದ ಕಾಲುಗಳನ್ನು ಎಳೆಯುತ್ತ, ಬೇಸಿಗೆಯಲ್ಲೂ ಕಳಚದ ಬೂದುಬಣ್ಣದ ತೋಳಿಲ್ಲದ ಕೋಟಿನಲ್ಲಿ ತೊಟ್ಟಿಯ ಸುತ್ತ ಸುಳಿಯುವಾಗ, ಮನೆಯ ಹಿರಿಯರ ಯೋಗಕ್ಷೇಮ ವಿಚಾರಿಸುವವರಂತೆ ಕಾಣುತ್ತಿದ್ದರು.

ತಂಗಿ ಕುಬರಾಳ ಮನೆಯ ಮದುವೆಗೆಂದು ನಾಲ್ಕು ದಿನ ಔರಾದಿಗೆ ಹೊರಟಾಗ ಅವರು ಬೀಗದ ಕೈಯನ್ನು ಪ್ರಣಾಲಿಗೆ ಕೊಟ್ಟರು. "ಬೇಟಿ, ನೀರು ಆರಿದಷ್ಟು ಆ ಗೆರಿ ತನಕ ಸಾದಾ ನೀರು ಹಾಕು. ಉಪ್ಪು ಮಾತ್ರ ಹಾಕಬ್ಯಾಡ." ಅಷ್ಟೇ.

ಅವಳ ಕಣ್ಣು ಬಿದ್ದದ್ದು ಬೇರೆಡೆಗೆ. ಚಾಚಾ ಇತ್ತೀಚೆಗೆ ಹಾಕಿಸಿದ್ದ ಹೊಸ ದೀಪದ ಕೆಳಗೆ, ತೊಟ್ಟಿಯ ಗಾಜಿನ ಮುಚ್ಚಳದ ಮೇಲೆ, ಸೊಳ್ಳೆಪರದೆಯಿಂದ ಕತ್ತರಿಸಿದ ನಾಲ್ಕು ಜಾಲಿ ತುಂಡುಗಳು ಧೂಳು ಹಿಡಿದು ಬಿದ್ದಿದ್ದವು. ವಿದ್ಯುತ್ ದೀಪ, ಅದರಡಿ ಬಟ್ಟೆ! ಭಾಲ್ಕಿಯಲ್ಲಿ ಕೆಲಸದಲ್ಲಿದ್ದ ಗಂಡ ಉತ್ತಮನಿಗೆ ಫೋನು ಮಾಡಿದರೆ ಅವನು ನಕ್ಕ. "ನಿನಗ ತೊಯ್ದ ಬಟ್ಟಿಗೂ ಬೆಂಕಿ ಹತ್ತೀತು ಅಂತ ಅಂಜಿಕಿ!" ಆ ನಗುವಿಗೇ ಕೆರಳಿದವಳು ನಾಲ್ಕನ್ನೂ ಎತ್ತಿ, ಸಾಬೂನಿನಲ್ಲಿ ತಿಕ್ಕಿ, ಮಹಡಿಯ ಹಗ್ಗಕ್ಕೆ ಹಾಕಿದಳು. ತೊಟ್ಟಿ ಝಗ್ಗನೆ ಬೆಳಗಿತು. ವಿಶಾಖಾ ಚಪ್ಪಾಳೆ ತಟ್ಟಿದಳು.

ಮೂರನೆಯ ದಿನ ನೀರು ಹಾಕಲು ಹೋದವಳ ಕೈಯಿಂದ ತಂಬಿಗೆ ಜಾರಿತು. ಬಡೇಮಿಯಾನ ಬೆರಳುಗಳೆಲ್ಲ ಒಳಸೇರಿ, ಮೈ ಮುದುಡಿ, ಮೇಲೊಂದು ಮೇಣದ ಪೊರೆ ಕಟ್ಟಿತ್ತು. ಪಕ್ಕದ ಐದು ಪುಟ್ಟ ಹವಳಗಳ ಕಂದುಬಣ್ಣ ಇಳಿದುಹೋಗಿ, ಅವು ಸುಣ್ಣ ಬಳಿದಂತೆ ಬಿಳಿಚಿದ್ದವು. ಒಂಬತ್ತು ವರ್ಷ! ಓಡಿ ಜಾಲಿಗಳನ್ನು ತಂದು ಇದ್ದಂತೆಯೇ ಹಾಸಿದಳು. ಏನೂ ಹೇಳುವುದು ಬೇಡ, ಯಾರಿಗೆ ಗೊತ್ತಾಗುತ್ತದೆ?

ಮರುದಿನ ಬೆಳಿಗ್ಗೆ ಚಾಚಾ ಬಂದರು. ಹವಳದ ಕಡೆ ನೋಡಿದರು, ಜಾಲಿಯೊಂದನ್ನು ಎತ್ತಿ ಮೂಸಿದರು.

"ಸಾಬಣ ಹಾಕೀ ಏನ್ ಬೇಟಿ?"

"ಹೌದ್ರಿ ಚಾಚಾ... ಬೆಂಕಿ ಹತ್ತತದ ಅಂತ ಅಂಜಿ ನಾಲ್ಕೂ ತಗದಿದ್ದೆ ರೀ. ಸತ್ತದೇನ್ರಿ?"

ಸಾಬೂನು ನೀರಿಗಿಳಿದರೆ ವಿಷವೆಂದು ನಾಲ್ಕನ್ನೂ ಹೊರಗೆ ಎಸೆದವರೇ ಕತ್ತರಿ ಹಿಡಿದು, ತಮ್ಮ ಮಂಚದ ಮೇಲಿನ ಸೊಳ್ಳೆಪರದೆಯನ್ನೇ ಪರ್ರನೆ ಕತ್ತರಿಸಿದರು. ಬೈಗುಳಕ್ಕೆ ಮೈ ಹಿಡಿಮಾಡಿಕೊಂಡು ನಿಂತಿದ್ದವಳಿಗೆ ಇದು ಇನ್ನೂ ದೊಡ್ಡ ಪೆಟ್ಟಾಯಿತು.

"ಸತ್ತಿಲ್ಲ, ಸಿಟ್ಟಿಗೆದ್ದದ. ತಪ್ಪು ನಂದೂ ಅದ. ನೀರಿಂದು ಹೇಳಿದೆ, ಜಾಲಿದು ಹೇಳಲಿಲ್ಲ. ಇದರ ಮೈಯಾಗ ಕಣ್ಣಿಗೆ ಕಾಣದಂಥ ಪಾಚಿ ಅದ. ಬೆಳಕು ಪಾಚಿಗಿ ಊಟ, ಪಾಚಿ ಇದಕ್ಕ ಊಟ. ಏಕದಮ್ ಬೆಳಕು ಬಿದ್ರ ಪಾಚಿನ ಹೊರಗ ಹಾಕ್ತದ, ಆಮ್ಯಾಲ ತಾನೇ ಉಪಾಸ ಬೀಳ್ತದ. ಎಲ್ಲಾರೂ ಇದಕ್ಕ ಗಟ್ಟಿ ಜೀವ ಅಂತಾರ. ಗಟ್ಟಿ ಇದ್ದೋರಿಗೂ ಹೊಸಾ ಬೆಳಕು ರೂಢಿ ಆಗಬೇಕಲ್ಲ?"

ಹೊಸ ದೀಪ ಬಂದಾಗ ಅವರು ಏಳು ಜಾಲಿ ಹಾಸಿ, ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಒಂದೊಂದನ್ನೇ ತೆಗೆಯುತ್ತಿದ್ದರೆಂಬುದು ಅವಳಿಗೆ ಆಗ ತಿಳಿಯಿತು. ಮತ್ತೆ ಏಳೂ ಬಿದ್ದವು. ದೀಪ ಉರಿಯುವ ಹೊತ್ತೂ ಅರ್ಧಕ್ಕಿಳಿಯಿತು. ಪುಟ್ಟವುಗಳಲ್ಲಿ ಮೂರು ಕರಗಿಹೋದವು. ಅವು ಕರಗಿದ ಜಾಗವನ್ನು ಚಾಚಾ ಅವಳಿಂದ ಮರೆಮಾಡಲೂ ಇಲ್ಲ, ಅತ್ತ ಬೆರಳು ಮಾಡಿ ತೋರಿಸಲೂ ಇಲ್ಲ. ಹನ್ನೊಂದನೆಯ ದಿನ ಬಡೇಮಿಯಾನ ಮೇಣದ ಪೊರೆ ಹರಿದು ತೇಲಿತು, ಅಂಚಿನಲ್ಲಿ ನಾಲ್ಕೈದು ಬೆರಳು ಹೊರಬಂದವು. ಎಣಿಸುತ್ತ ಪ್ರಣಾಲಿ ಅತ್ತಳು.

ಆ ಶುಕ್ರವಾರ ಕೆಳಗಿನಿಂದ ಕೂಗು ಬಂತು. "ಬೇಟಿ, ಬಾ. ಇವತ್ತಿಂದು ಜಾಲಿ ನೀನೇ ತಗಿ. ಒಂದೇ, ಹಾಂ!"

ಅವಳು ಇಳಿದು ಬಂದು ತೊಟ್ಟಿಯೆದುರು ನಿಂತಳು. ಕೆಡಿಸಿದ ಕೈಯನ್ನು ಲೋಕ ಸಾಮಾನ್ಯವಾಗಿ ದೂರವಿಡುತ್ತದೆ. ಕ್ಷಮಿಸಿದೆನೆಂದ ಮೇಲೂ ಬೀಗದ ಕೈಯನ್ನು ಮಾತ್ರ ಮರಳಿಸುವುದಿಲ್ಲ. ಜೀವನವಿಡೀ ಲೋಹದಿಂದ ಹೊಳಪನ್ನು ಇಷ್ಟಿಷ್ಟೇ ಹೊರತೆಗೆದ ಇಂಥ ಕುಶಲಕರ್ಮಿಗಳು ಮಾತ್ರ, ಕೆಡಿಸಿದ ಕೈಗೇ ಅದೇ ಕೆಲಸವನ್ನು ಮತ್ತೆ ಒಪ್ಪಿಸುತ್ತಾರೆ, ಅದೂ ಒಮ್ಮೆಗೆ ಒಂದು ಪದರದಷ್ಟೇ.