ಎರಡು ಚೂರು, ಎರಡು ಗುಂಡಿ

ತೀರಿಕೊಂಡ ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ಮತ್ತೆ ವಾಲಿತು. ವಾಣಿ ಹಣೆಗೆ ಕಟ್ಟಿದ ಬಟ್ಟೆಯನ್ನು ಬಿಗಿ ಮಾಡುತ್ತಿರುವಾಗಲೇ ಸೋದರಮಾವ ಗುರುಮೂರ್ತಿ ಏದುಸಿರು ಬಿಡುತ್ತ ಬಂದ.

"ಕೆಲಸ ಕೆಡ್ತವ್ವ. ನಿಮ್ಮಣ್ಣ ಬಕ್ಕೇಶ ಭಾನುವಳ್ಳಿ ಹೊಲದಾಗೆ ನಿಮ್ಮವ್ವನ ಪಕ್ಕ ಗುಂಡಿ ತೋಡಿಸಿ ಕುಂತಾನಂತೆ."

"ಇಲ್ಲಿ ದಾವಣಗೆರೆ ರುದ್ರಭೂಮಿಯಾಗೂ ತೋಡಿ ಆತಲ್ಲ ಮಾವ!"

"ಗಂಡ ಹೆಂಡಿರ ಜಗಳದಾಗೆ ಕೂಸು ಬಡವಾದಂಗೆ, ನಿಮ್ಮಿಬ್ಬರ ಜಗಳದಾಗೆ ನನ್ನ ಭಾವ ಬಡವಾದ. ಇರೋನು ಒಬ್ಬ, ಎರಡು ಕಡೆ ಹೆಂಗೆ ಕೂಡ್ತಾನೆ?"

ಯಾರೋ ನಗು ನುಂಗಿದರು. ವಾಣಿ ಮತ್ತೊಮ್ಮೆ ಫೋನ್ ಹಚ್ಚಿದಳು. ಬೆಳಗಿನಿಂದ ಅಣ್ಣ ಫೋನ್ ಎತ್ತುತ್ತಿಲ್ಲ. ಅಲ್ಲಿಗೆ ಹೋದರೆ ಜನರೆದುರು 'ನೀನ್ಯಾಕೆ ಬಂದೆ' ಎಂದುಬಿಟ್ಟರೆ? ಅವ್ವನ ಮಣ್ಣು ತಪ್ಪಿದಂತೆ ಅಪ್ಪನದೂ ತಪ್ಪಿಹೋದರೆ?

*

ಅವ್ವ ತೀರಿಕೊಂಡಾಗ ವಾಣಿ ದೂರದ ಪ್ರಯೋಗಾಲಯದಲ್ಲಿದ್ದಳು. ಲಿಥಿಯಂನಂಥ ಹಗುರ ನ್ಯೂಕ್ಲಿಯಸ್ಸುಗಳನ್ನು ಸೀಸದ ಹಾಳೆಯತ್ತ ಹಾರಿಸಿ, ಅವು ಒಡೆಯುವುದನ್ನು ನೋಡುವ ಕೆಲಸ. ಫೋನು ಹೊರಗಿನ ಕಪಾಟಿನಲ್ಲಿತ್ತು. ಸುದ್ದಿ ಮುಟ್ಟುವಷ್ಟರಲ್ಲಿ ಬಕ್ಕೇಶ ಮಣ್ಣು ಮಾಡಿ ಮುಗಿಸಿದ್ದ. ಕಾಯದ ಅಣ್ಣ, ಬಾರದ ತಂಗಿ, ಅಂದಿನಿಂದ ಮಾತಿಲ್ಲ.

ಆಮೇಲೆ ಅವಳು ದಾವಣಗೆರೆಯ ಕಾಲೇಜಿಗೆ ಬಂದಳು. ಹರಿಹರದಲ್ಲಿ ಬಟ್ಟೆ ಅಂಗಡಿ ನಡೆಸಿ ಹಣ್ಣಾದ ಅಪ್ಪ ಕೆಂಚವೀರಪ್ಪ, ಮಗಳ ಸರಸ್ವತಿ ನಗರದ ಮನೆಗೆ ಬಂದು ಕೂತಾಗ ಅವಳ ಆ ಕೆಲಸದ ಬಗ್ಗೆ ಒಮ್ಮೆ ಕೇಳಿದ್ದ.

"ಡಿಕ್ಕಿ ಹೊಡದ್ರೆ ಯಾವುದಾದ್ರೂ ಒಡೀತೈತೆ. ಅದರಾಗೇನೈತೆ?"

"ಡಿಕ್ಕೀನೇ ಬ್ಯಾಡಪ್ಪ. ಸೀಸದಂಥ ಭಾರದ್ದರ ಹತ್ರ ಹಾದ್ರೂ ಸಾಕು. ಒಳಗಿನ ಕಟ್ಟು ಸಡಿಲ."

"ಮೊದ್ಲು ಒಂದೇ ಇತ್ತು ಅಂತ ಹೆಂಗೆ ಗೊತ್ತಾಗ್ತೈತೆ?"

"ಎರಡೂ ಚೂರು ಒಂದೇ ಗಳಿಗೆಗೆ ಸಿಗಬೇಕು. ಒಂದೇ ಸಿಕ್ರೆ ಏನೂ ಹೇಳಾಕಾಗಲ್ಲ."

'ಎರಡೂ ಒಂದೇ ಗಳಿಗೆಗೆ' ಎಂದು ಅಪ್ಪ ತನ್ನಷ್ಟಕ್ಕೇ ಹೇಳಿಕೊಂಡ. ಆಮೇಲೆ ಚಹಾ ಕೇಳಿದ.

*

"ಭಾನುವಳ್ಳಿಗೇ ನಡೀರಿ ಮಾವ. ಅಪ್ಪ ಅವ್ವನ ಪಕ್ಕಾನೇ ಕೂಡ್ಲಿ," ಎಂದಳು ವಾಣಿ.

"ತೋಡಿದ ಗುಂಡಿ ಬರಿದು ಬಿಡಬಾರ್ದು. ಇಲ್ಲಿ ಗುಂಡಿಗೆ ಒಂದು ಕಲ್ಲಿಟ್ಟು ಮುಚ್ಚಿಸ್ತೀನಿ. ನೀ ಹೊರಡವ್ವ."

ವ್ಯಾನಿನಲ್ಲಿ ಅಪ್ಪನ ತಲೆ ಹಿಡಿದೇ ಕೂತಳು. ಹರಿಹರ ದಾಟಿತು. ಅಣ್ಣನ ಫೋನು ಬರಲಿಲ್ಲ.

ಹೊಲದಲ್ಲಿ ಬಕ್ಕೇಶ ತಲೆ ಎತ್ತಲೇ ಇಲ್ಲ. ಅಪ್ಪನನ್ನು ಗುಂಡಿಯಲ್ಲಿ ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ವಿಭೂತಿ, ಪತ್ರೆ ತುಂಬಿದ್ದಾಯಿತು.

"ಮಗ ಮೊದ್ಲು ಮಣ್ಣು ಹಾಕ್ಲಿ," ಎಂದರು ಕ್ರಿಯೆ ನಡೆಸುತ್ತಿದ್ದ ಅಯ್ಯನೋರು.

ಬಕ್ಕೇಶ ಹಿಡಿ ಮಣ್ಣು ತೆಗೆದುಕೊಂಡು ಕೈ ಚಾಚಿದ. ಚಾಚಿದ ಕೈ ಹಾಗೆಯೇ ನಿಂತಿತು.

"ಹಾಕಪ್ಪ, ಹೊತ್ತಾತು."

"ತಡೀರಿ." ಅವನು ತಲೆ ಎತ್ತಿ ತಂಗಿಯನ್ನು ನೋಡಿದ. "ಎರಡೂ ಒಂದೇ ಗಳಿಗೆಗೆ ಅಂತ ಅಪ್ಪ ಹೇಳಿದ್ದ."

ವಾಣಿ ಬಗ್ಗಿ ಮಣ್ಣು ತೆಗೆದುಕೊಂಡು ಅವನೆದುರಿನ ಅಂಚಿಗೆ ಬಂದು ನಿಂತಳು. ಎರಡು ಹಿಡಿ ಮಣ್ಣು ಪತ್ರೆಯ ಮೇಲೆ ಬಿತ್ತು. ಸದ್ದು ಕೇಳಿದ್ದು ಒಂದೇ.